ಮನೆ ಅಳಿಯನಾದ ಕಂಪ್ಯೂಟರ್

ಅಂಗೈ ಕಂಪ್ಯೂಟರಿಗೂ ಮೊಬೈಲ್ ಫೋನಿಗೂ ನಿಶ್ಚಿತಾರ್ಥ ಆಗಿ ಬಹಳ ವರ್ಷವಾಯಿತು. ಐಬಿಎಂನವರ ಸೈಮನ್ ಅನ್ನೋ ಫೋನಿನಲ್ಲಿ 1994ರಲ್ಲೇ ಕ್ಯಾಲೆಂಡರು, ವಿಳಾಸ ಪುಸ್ತಕ, ಮುಟ್ಟಿದರೆ ಕೆಲಸ ಮಾಡುವ ಪರದೆ ಎಲ್ಲ ಇದ್ದವು. 2010ರ ಹೊತ್ತಿಗೆ ಲಗ್ನವೇ ಮುಗಿದುಹೋಗಿತ್ತು. ಪಾಮ್ ಪೈಲಟ್ ಮಾಡಿ ಅಂಗೈ ಕಂಪ್ಯೂಟರಿಗೆ ಹೆಸರು ತಂದುಕೊಟ್ಟ ಪಾಮ್ ಕಂಪನಿ, ತಾನೂ ಫೋನ್ ಮಾಡಿ ನೋಡಿ, ಕೊನೆಗೆ 2010ರ ಏಪ್ರಿಲ್‌ನಲ್ಲಿ 120 ಕೋಟಿ ಡಾಲರಿಗೆ ಎಚ್‌ಪಿಗೆ ಮಾರಾಟವಾಗಲು ಒಪ್ಪಿತು. ಫೋನ್ ಇಲ್ಲದ ಅಂಗೈ ಕಂಪ್ಯೂಟರ್ ಕೊಡಿ ಅಂದರೆ ಇವತ್ತು ಅಂಗಡಿಯವನು ನಮ್ಮ ಮುಖ ನೋಡುತ್ತಾನೆ.

ಎಲ್ಲರೂ ಸಂತೋಷದಿಂದ ಅಕ್ಷತೆ ಹಾಕುತ್ತಿದ್ದಾರೆ. ಜೇಬಿನಲ್ಲಿ ಎರಡರ ಬದಲು ಒಂದೇ ಯಂತ್ರ, ಒಂದೇ ಚಾರ್ಜರು. ಒಳ್ಳೆಯದೇ. ನನ್ನ ತಕರಾರು ಮದುವೆ ಬಗ್ಗೆ ಅಲ್ಲ, ಸಂಸಾರ ಯಾರ ಮನೆಯಲ್ಲಿ ನಡೆಯುತ್ತೆ ಅನ್ನೋದರ ಬಗ್ಗೆ. ಕಂಪ್ಯೂಟರು ಫೋನಿನ ಮನೆಗೆ ಮನೆ ಅಳಿಯನಾಗಿ ಹೋಗುತ್ತಿದೆ. ಅಲ್ಲಿ ಅತ್ತೆ-ಮಾವ ಹೇಳಿದ್ದೇ ಕಟ್ಟಳೆ. ಇದರಿಂದ ಇಂಗ್ಲಿಷಿನವನಿಗೆ ಆಗುವ ನಷ್ಟಕ್ಕಿಂತ ಕನ್ನಡದವನಿಗೆ ಆಗುವ ನಷ್ಟ ದೊಡ್ಡದು.

ಎರಡೂ ಮನೆಯ ರೀತಿ-ರಿವಾಜು ಸ್ವಲ್ಪ ನೋಡಿ. ಕಂಪ್ಯೂಟರಿನ ಮನೆಯಲ್ಲಿ ದುಡ್ಡು ಕೊಟ್ಟವನೇ ಯಜಮಾನ. ಯಾವ ಪ್ರೋಗ್ರಾಮ್ ಬೇಕಾದರೂ ಹಾಕಿಕೊಳ್ಳಬಹುದು, ಬರೆಯಲು ಬಂದರೆ ತಾನೇ ಬರೆಯಬಹುದು. ಪಾಮ್ ಕೂಡ ಹಾಗೇ ಇತ್ತು. ಎರಡು ಯಂತ್ರ ಎದುರುಬದುರು ಹಿಡಿದರೆ ಇನ್‌ಫ್ರಾರೆಡ್ ಕಿರಣದಲ್ಲಿ ಪ್ರೋಗ್ರಾಮು ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಒಂದು ಗುಂಡಿ ಒತ್ತಿದರೆ ಒಳಗಿದ್ದದ್ದೆಲ್ಲ ನಿಮ್ಮ ಮನೆಯ ಕಂಪ್ಯೂಟರಿಗೆ ನಕಲಾಗುತ್ತಿತ್ತು. ಫೋನಿನ ಮನೆಯ ಕಥೆಯೇ ಬೇರೆ. ಅಲ್ಲಿ ನಾವು ಗಿರಾಕಿಗಳು, ಬರೀ ಗಿರಾಕಿಗಳು. ಸಿಡಿಎಂಎ ಸೆಟ್ ಕೊಂಡವರನ್ನು ಕೇಳಿ, ಕಂಪನಿ ಬಿಟ್ಟರೆ ಸೆಟ್ಟೂ ಬಿಟ್ಟಂತೆ ಆಗುತ್ತಿತ್ತು. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಇವತ್ತು ಬಂತು, ನಾಳೆ ಬಂತು ಅಂತ 2010ರಲ್ಲೂ ಮುಂದಕ್ಕೆ ಹೋಗುತ್ತಲೇ ಇತ್ತು. ಕೇಳದ ಕಾಲರ್ ಟ್ಯೂನಿಗೆ ಬ್ಯಾಲೆನ್ಸ್‌ನಿಂದ ದುಡ್ಡು ಕಡಿದುಕೊಳ್ಳುತ್ತಿದ್ದದ್ದು ಯಾರಿಗೆ ಗೊತ್ತಿಲ್ಲ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇದರಲ್ಲಿ ಕನ್ನಡ ಎಲ್ಲಿಂದ ಬಂತು ಅಂತೀರಾ? ಹೇಳ್ತೀನಿ.

ಕಂಪ್ಯೂಟರಿಗೆ ಕನ್ನಡ ಬಂದದ್ದು ಯಾವ ಕಂಪನಿಯ ಕೃಪೆಯಿಂದಲೂ ಅಲ್ಲ. ಕೆ.ಪಿ. ರಾವ್ ಕೂತು ಕೀಲಿಮಣೆಯ ವಿನ್ಯಾಸ ಯೋಚಿಸಿದರು. ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತಿನವರು ನುಡಿ ತಂದರು. ಬರಹ ಬಂದಾಗ ವಿಂಡೋಸ್‌ಗೆ ಕನ್ನಡ ಅನ್ನೋ ಭಾಷೆ ಇದೆ ಅಂತಲೇ ಗೊತ್ತಿರಲಿಲ್ಲ. ಆದರೂ ಸಾವಿರಾರು ಜನ ಕನ್ನಡ ಟೈಪು ಮಾಡಿದರು. ಯಾಕೆ ಸಾಧ್ಯವಾಯಿತು? ವಾಸು ಮೈಕ್ರೋಸಾಫ್ಟಿನ ಅನುಮತಿ ಕೇಳಬೇಕಾಗಿರಲಿಲ್ಲ, ಅಷ್ಟೇ. ಅವರು ಬರೆದರು, ಹಂಚಿದರು, ನಾವು ಹಾಕಿಕೊಂಡೆವು. ಫಾಂಟಿಗೆ ಫಾಂಟು ಕೂಡುತ್ತಿರಲಿಲ್ಲ, ಕಾಗುಣಿತ ಒಡೆಯುತ್ತಿತ್ತು, ಎಲ್ಲ ನಿಜ. ಆದರೆ ಬಾಗಿಲು ತೆರೆದಿತ್ತು.

ಈಗ ಐಫೋನ್ ತೆಗೆದುಕೊಳ್ಳಿ. 2008ರ ಆಗಸ್ಟ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ 8 ಜಿಬಿಯದ್ದಕ್ಕೆ 31 ಸಾವಿರ ರೂಪಾಯಿ. ಅಷ್ಟು ಕೊಟ್ಟವನಿಗೂ ತನ್ನ ಫೋನಿಗೆ ತನ್ನ ಭಾಷೆಯ ಕೀಲಿಮಣೆ ತಾನೇ ಹಾಕಿಕೊಳ್ಳುವ ಹಕ್ಕು ಆಗ ಇರಲಿಲ್ಲ. ಪ್ರೋಗ್ರಾಮೆಲ್ಲ ಆಪಲ್‌ನ ಅಂಗಡಿಯಿಂದಲೇ ಬರಬೇಕಿತ್ತು, ಆಪಲ್ ಒಪ್ಪಬೇಕಿತ್ತು, ನೂರಕ್ಕೆ ಮೂವತ್ತು ಆಪಲ್‌ಗೆ ಹೋಗಬೇಕಿತ್ತು. 2009ರಲ್ಲಿ ಗೂಗಲ್‌ನಂಥ ದೊಡ್ಡ ಕುಳದ ಗೂಗಲ್ ವಾಯ್ಸ್‌ಗೇ ಅಲ್ಲಿ ಪ್ರವೇಶ ಸಿಗಲಿಲ್ಲ. ಇನ್ನು ಶಿವಮೊಗ್ಗದ ಹುಡುಗನೊಬ್ಬ ಕನ್ನಡ ಕೀಲಿಮಣೆ ಬರೆದುಕೊಂಡು ಹೋಗಿ ಬಾಗಿಲು ತಟ್ಟಿದ್ದರೆ ಯಾರು ತೆಗೀತಿದ್ದರು? ಆಂಡ್ರಾಯ್ಡ್ ಮೂಲ ಮುಕ್ತ ಅನ್ನೋದು ಹೌದು, ಅದಕ್ಕೆ ಬೇರೆ ಕೀಲಿಮಣೆ ಹಾಕಲೂಬಹುದು. ಆದರೆ 2010ರಲ್ಲಿ ಅಂಗಡಿಯಿಂದ ತಂದ ಸೆಟ್‌ನಲ್ಲಿ ಕನ್ನಡ ತಾಣ ತೆರೆದರೆ ಕಾಣುತ್ತಿದ್ದದ್ದು ಸಾಲು ಸಾಲು ಚೌಕ ಡಬ್ಬಿ. ಫಾಂಟ್ ಹಾಕೋಣ ಅಂದರೆ ಆ ಕೋಣೆಗೆ ಬೀಗ ಇತ್ತು. ಕೀ ತಯಾರಕನ ಹತ್ತಿರ ಇತ್ತು.

ಅಗ್ಗದ ಹ್ಯಾಂಡ್‌ಸೆಟ್ ಕೆಲವದರಲ್ಲಿ ಕನ್ನಡ ಮೆನು ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ, ಸಂತೋಷ. ಆದರೆ ಅದು ಕಂಪನಿ ಕೊಟ್ಟರೆ ಉಂಟು, ಮುಂದಿನ ಮಾಡೆಲ್‌ನಲ್ಲಿ ಕೊಡದಿದ್ದರೆ ಇಲ್ಲ. ಬೇಡಿ ತಿನ್ನೋದಕ್ಕೂ ಬೆಳೆದು ತಿನ್ನೋದಕ್ಕೂ ವ್ಯತ್ಯಾಸ ಇದೆ.

ಫೋನಿನ ಮನೆಯ ಕಟ್ಟಳೆ ಕನ್ನಡಕ್ಕೆ ಎಷ್ಟು ದುಬಾರಿ ಅನ್ನೋದಕ್ಕೆ ಎಸ್ಸೆಮ್ಮೆಸ್ಸೇ ಸಾಕ್ಷಿ. ಒಂದು ಸಂದೇಶಕ್ಕೆ ಜಾಗ 140 ಬೈಟ್. ಇಂಗ್ಲಿಷಿನಲ್ಲಿ ಅಷ್ಟರಲ್ಲಿ 160 ಅಕ್ಷರ ಹಿಡಿಯುತ್ತೆ. ಯೂನಿಕೋಡ್ ಕನ್ನಡದಲ್ಲಿ 70. ಅದೂ ನಾವು ಎಣಿಸುವ ಅಕ್ಷರ ಅಲ್ಲ. ‘ಸ್ತ್ರೀ’ ಅಂತ ಬರೆದರೆ ನಮಗೆ ಒಂದೇ ಅಕ್ಷರ, ಫೋನಿಗೆ ಆರು. ಅದೇ ಸುದ್ದಿ, ಅದೇ ಪ್ರೀತಿ, ಕನ್ನಡದಲ್ಲಿ ಕಳಿಸಿದರೆ ಎರಡು ಮೂರು ಸಂದೇಶದ ದುಡ್ಡು. ಕಂಪ್ಯೂಟರಿನಲ್ಲಿ ಒತ್ತಕ್ಷರಕ್ಕೆ ಇಷ್ಟು ಅಂತ ಯಾರೂ ಕಾಸು ಕೇಳಿದ್ದಿಲ್ಲ.

ಇಷ್ಟಕ್ಕೂ ಬೇರೆ ದಾರಿ ಇತ್ತೇ? ಇತ್ತು, ಅದೂ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಮಾಡಿದ ಸಿಂಪ್ಯೂಟರ್ 2001ರಲ್ಲಿ ಜನರ ಮುಂದೆ ಬಂತು. ಒಳಗೆ ಲಿನಕ್ಸ್. ಓದು ಬಾರದವರಿಗಾಗಿ ನಮ್ಮ ಭಾಷೆಗಳನ್ನು ಓದಿ ಹೇಳುವ ದನಿ. ಇಡೀ ಊರಿಗೆ ಒಂದೇ ಯಂತ್ರ ಇದ್ದರೂ ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಅವರವರ ಜೇಬಿನಲ್ಲಿ. 2004ರಲ್ಲಿ ಬಿಇಎಲ್ ತಯಾರಿಸಿದ ಅಮೀಡ ಸಿಂಪ್ಯೂಟರನ್ನು ಓಲಾಡಿಸಿದರೆ ಅದಕ್ಕೆ ಗೊತ್ತಾಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು!

ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಅಗ್ಗದ ಮಾದರಿಗೂ ಸುಮಾರು ಹತ್ತು ಸಾವಿರ ರೂಪಾಯಿ, ಅಷ್ಟರಲ್ಲಿ ಅದರ ಕಾಲು ಭಾಗಕ್ಕೆ ಫೋನ್ ಸಿಗಲು ಶುರುವಾಗಿತ್ತು. ಮಗನ ದನಿ ಕೇಳಬೇಕಾದ ತಾಯಿಗೆ ಮೊದಲು ಬೇಕಾದದ್ದು ಫೋನು. ಅದಕ್ಕೆ ಜನರನ್ನು ಬೈಯೋದು ಮೂರ್ಖತನ. ಆದರೆ ಸಿಂಪ್ಯೂಟರ್ ಸೋತಿತು ಅಂತ ನಗುವವರು ಒಂದು ವಿಷಯ ಮರೀತಾರೆ. ಸೋತದ್ದು ಒಂದು ಪೆಟ್ಟಿಗೆ. ಯಂತ್ರ ಜನರ ಭಾಷೆ ಕಲಿಯಬೇಕು, ಮಾಹಿತಿ ಜನರ ಕೈಯಲ್ಲಿ ಇರಬೇಕು ಅನ್ನೋ ಮಾತು ಸೋತಿಲ್ಲ. ಆ ಮಾತನ್ನು ಫೋನಿನೊಳಗೆ ತರುವ ಕೆಲಸ ಬಾಕಿ ಇದೆ.

ಸಮಯ ಮಾತ್ರ ಕಡಿಮೆ. ದೇಶದಲ್ಲಿ ಮೊಬೈಲ್ ಸಂಪರ್ಕ 2010ರಲ್ಲೇ 60 ಕೋಟಿ ದಾಟಿತ್ತು. ಬಹುಪಾಲು ಕನ್ನಡಿಗರ ಮೊದಲ ಕಂಪ್ಯೂಟರ್ ಮೇಜಿನ ಮೇಲೆ ಬರೋದಿಲ್ಲ, ಜೇಬಿಗೇ ಬರುತ್ತೆ. 2010ರ ಮೇ ತಿಂಗಳಲ್ಲಿ ಮುಗಿದ 3ಜಿ ಹರಾಜಿನಲ್ಲಿ ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ ಸಿಕ್ಕಿತು. ಅಷ್ಟು ಸುರಿಯುವ ಕಂಪನಿಗಳು ಅದನ್ನು ಯಾರಿಂದ ವಸೂಲಿ ಮಾಡುತ್ತವೆ ಸ್ವಾಮಿ? ನಮ್ಮಿಂದಲೇ. ಬೇಲಿ ಎತ್ತರವಾದಷ್ಟೂ ವಸೂಲಿ ಸಲೀಸು.

ಬೀಗ ಇದ್ದರೆ ವೈರಸ್ ಬರೋಲ್ಲ, ಸುರಕ್ಷಿತ ಅನ್ನೋರಿದ್ದಾರೆ. ಬೀಗ ಬೇಡ ಅಂತ ನಾನೆಲ್ಲಿ ಅಂದೆ? ನಮ್ಮ ಮನೆಗೂ ಬೀಗ ಹಾಕ್ತೀವಿ. ಕೀ ಮಾತ್ರ ನಮ್ಮ ಹತ್ತಿರ ಇಟ್ಟುಕೊಳ್ತೀವಿ. 2009ರಲ್ಲಿ ಅಮೆಜಾನ್‌ನವರು ದುಡ್ಡು ಕೊಟ್ಟು ಕೊಂಡ ಪುಸ್ತಕಗಳನ್ನೇ ಜನರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿದರು. ಕೀ ಬೇರೆಯವರ ಹತ್ತಿರ ಇದ್ದರೆ ಹೀಗೇ ಆಗೋದು. ಜನಸಾಮಾನ್ಯರಿಗೆ ಪ್ರೋಗ್ರಾಮ್ ಬರೆಯುವ ಉಸಾಬರಿ ಯಾಕೆ ಅನ್ನೋರೂ ಇದ್ದಾರೆ. ಬರಹವನ್ನು ಬರೆದದ್ದು ಒಬ್ಬರು, ಉಪಯೋಗ ಪಡೆದವರು ಲೆಕ್ಕವಿಲ್ಲ. ಆ ಒಬ್ಬರಿಗೆ ಬಾಗಿಲು ಮುಚ್ಚಿದರೆ ಉಳಿದವರ ಗತಿ?

ಆದ್ದರಿಂದ ಸರ್ಕಾರಕ್ಕೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ನನ್ನದೊಂದು ಮಾತು. ಅಂಗಡಿ ಬೋರ್ಡಿನ ಕನ್ನಡಕ್ಕೆ ತೋರಿಸುವ ಉತ್ಸಾಹದಲ್ಲಿ ಅರ್ಧವನ್ನಾದರೂ ಈ ಕಡೆ ತೋರಿಸಿ. ಸರ್ಕಾರದ ದುಡ್ಡಿನಲ್ಲಿ ಕೊಳ್ಳುವ ಫೋನು, ಅಂಗೈ ಯಂತ್ರ ಯಾವುದೇ ಇರಲಿ, ಯೂನಿಕೋಡ್ ಕನ್ನಡ ಮೂಡದಿದ್ದರೆ, ಬಳಸುವವರು ಪ್ರೋಗ್ರಾಮ್ ಹಾಕಿಕೊಳ್ಳಲು ಬಿಡದಿದ್ದರೆ, ಟೆಂಡರನ್ನೇ ತಿರಸ್ಕರಿಸಿ. ಒಂದು ಇಲಾಖೆ ಹೀಗೆ ಮಾಡಲಿ, ಕಂಪನಿಗಳು ತಾವಾಗಿ ಫಾಂಟ್ ಹೊತ್ತು ತರುತ್ತವೆ.

ನಾವೂ ಸುಮ್ಮನಿರೋದು ಬೇಡ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳ್ತೀವಲ್ಲ, ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳೋಣ. ಇದರಲ್ಲಿ ಕನ್ನಡ ಕಾಣುತ್ತಾ? ನನಗೆ ಬೇಕಾದ ಪ್ರೋಗ್ರಾಮ್ ಬೇರೆ ಕಡೆಯಿಂದ ತಂದು ಹಾಕಬಹುದಾ? ಇದರಲ್ಲಿರೋದನ್ನೆಲ್ಲ ನಾಳೆ ಇನ್ನೊಂದು ಫೋನಿಗೆ ತೆಗೆದುಕೊಂಡು ಹೋಗಬಹುದಾ? ಮೂರಕ್ಕೂ ಇಲ್ಲ ಅಂದರೆ ದುಡ್ಡು ಜೇಬಿಗೆ ಹಾಕಿಕೊಂಡು ಪಕ್ಕದ ಅಂಗಡಿಗೆ ನಡೀರಿ.