ಹಟ್ಟಿಯ ಗೊಬ್ಬರ, ಪಚ್ಚನಾಡಿಯ ಕಸ

ಗುಡ್ಡದಿಂದ ತಂದ ಸೊಪ್ಪನ್ನು ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸುವುದನ್ನು ನೀವು ಅಜ್ಜಿಮನೆಯಲ್ಲಿ ನೋಡಿರಬಹುದು. ಸೆಗಣಿ, ಗಂಜಳಗಳೊಡನೆ ಬೆರೆತ ಆ ಸೊಪ್ಪು ಕೆಲವು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಈ ಕೆಲಸ ಮಾಡುವವರು ಯಾರು? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮತ್ತು ಶಿಲೀಂಧ್ರಗಳು.

ಇಂಥ ಜೀವಿಗಳು ಮಂಗಳೂರಿನ ಪಚ್ಚನಾಡಿಯ ಕಸದ ರಾಶಿಯಲ್ಲೂ ಇದ್ದವು. ಆದರೆ ಅಲ್ಲಿ ಆದದ್ದೇ ಬೇರೆ. 2019ರ ಆಗಸ್ಟ್ ತಿಂಗಳ ಭಾರಿ ಮಳೆಗೆ, ವರ್ಷಗಳಿಂದ ಪೇರಿಸಿದ್ದ ಕಸದ ಗುಡ್ಡ ಜಾರಿ ತಗ್ಗಿನಲ್ಲಿದ್ದ ಮಂದಾರದ ಮೇಲೆ ಹರಿಯಿತು. ತೆಂಗು, ಅಡಿಕೆ ತೋಟಗಳು ಹೂತುಹೋದವು. ಹಲವು ಕುಟುಂಬಗಳು ಮನೆ ಬಿಡಬೇಕಾಯಿತು. ರಾಶಿಯಿಂದ ಒಸರಿದ ಕೊಳಕು ನೀರು ತೋಡು ಹಿಡಿದು ಫಲ್ಗುಣಿ ನದಿಯತ್ತ ಸಾಗಿತು.

ಹಟ್ಟಿಯಲ್ಲಿ ಗೊಬ್ಬರ ಮಾಡುವ ಜೀವಿಗಳು ಇಲ್ಲೇಕೆ ಸೋತವು? ಕಾರಣ ಸರಳ: ಗಾಳಿ. ಎತ್ತರಕ್ಕೆ ಪೇರಿಸಿ ಒತ್ತಿದ ಕಸದ ಒಳಗೆ ಆಮ್ಲಜನಕ ಸಿಗುವುದಿಲ್ಲ. ಆಗ ಗಾಳಿ ಬೇಡದ ಬೇರೊಂದು ಗುಂಪಿನ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಅವು ಕಸವನ್ನು ನಿಧಾನವಾಗಿ ಕೊಳೆಸಿ, ಸುಲಭವಾಗಿ ಬೆಂಕಿ ಹಿಡಿಯುವ ಮೀಥೇನ್ ಅನಿಲವನ್ನೂ ದುರ್ನಾತವನ್ನೂ ಹೊರಬಿಡುತ್ತವೆ. ಜೊತೆಗೆ ಪ್ಲಾಸ್ಟಿಕ್ ಬೇರೆ ಬೆರೆತಿದೆ. ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಇಂಥ ಹಳೆಯ ರಾಶಿಗಳನ್ನು ಕರಗಿಸಲು ಈಗ ಅದೇ ಜೀವಿಗಳ ಮೊರೆ ಹೋಗುತ್ತಾರೆ. ರಾಶಿಯನ್ನು ಅಗೆದು ಉದ್ದನೆಯ ದಿಬ್ಬಗಳಾಗಿ ಹರಡುತ್ತಾರೆ. ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ ಆಗಾಗ ಮಗುಚುತ್ತಾರೆ. ಗಾಳಿ ಸಿಕ್ಕೊಡನೆ ಕೆಲಸ ಚುರುಕಾಗುತ್ತದೆ. ದಿಬ್ಬ ಬಿಸಿಯೇರುತ್ತದೆ, ನೀರು ಆರುತ್ತದೆ, ಗಾತ್ರ ಇಳಿಯುತ್ತದೆ. ಕೊನೆಗೆ ಜರಡಿ ಹಿಡಿದು ಮಣ್ಣು, ಕಲ್ಲು, ಪ್ಲಾಸ್ಟಿಕ್‌ಗಳನ್ನು ಬೇರೆ ಮಾಡುತ್ತಾರೆ. ಪಚ್ಚನಾಡಿಯ ಹಳೆಯ ಕಸಕ್ಕೂ ಇದೇ ದಾರಿ ಹಿಡಿಯಬೇಕಾಯಿತು.

ಸೂಕ್ಷ್ಮಜೀವಿಗಳಿಗೆ ಅನುಕೂಲ ಮಾಡಿಕೊಟ್ಟರೆ ಸಾಕು ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. 1989ರಲ್ಲಿ ಅಲಾಸ್ಕಾದ ಬಳಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಚೆಲ್ಲಿತು. ವಿಜ್ಞಾನಿಗಳು ಅಲ್ಲಿನ ದಡಕ್ಕೆ ಹಾಕಿದ್ದು ಏನು ಗೊತ್ತೇ? ಸಾರಜನಕ, ರಂಜಕಗಳಿರುವ ಗೊಬ್ಬರ! ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ದಡದಲ್ಲಿ ಮೊದಲೇ ಇದ್ದವು. ಅವಕ್ಕೆ ಪೋಷಕಾಂಶದ ಕೊರತೆಯಿತ್ತು, ಅಷ್ಟೆ.

ಆದರೆ ಸೀಸ, ಪಾದರಸ, ಆರ್ಸೆನಿಕ್‌ಗಳ ಕಥೆ ಬೇರೆ. ಇವು ಮೂಲವಸ್ತುಗಳು. ಯಾವ ಜೀವಿಯೂ ಇವನ್ನು ಒಡೆದು ಇಲ್ಲವಾಗಿಸಲಾರದು. ಇಲ್ಲಿ ಕೆಲವು ಸಸ್ಯಗಳು ನೆರವಿಗೆ ಬರುತ್ತವೆ. ಹಳೆಯ ಗೋಡೆಗಳ ಸಂದಿಯಲ್ಲೂ ಬೆಳೆಯುವ ಟೆರಿಸ್ ವಿಟಾಟ ಎಂಬ ಜರಿಗಿಡ ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಗಳಲ್ಲಿ ಶೇಖರಿಸುತ್ತದೆಂದು ಅಮೆರಿಕದ ವಿಜ್ಞಾನಿಗಳು 2001ರಲ್ಲಿ ತಿಳಿಸಿದರು. ಆದರೆ ಆ ಗಿಡವನ್ನು ಕತ್ತರಿಸಿ ಜೋಪಾನವಾಗಿ ವಿಲೇವಾರಿ ಮಾಡಬೇಕು. ಇಲ್ಲವಾದರೆ ಎಲೆ ಉದುರಿ ವಿಷ ಮತ್ತೆ ಮಣ್ಣಿಗೇ ಸೇರುತ್ತದೆ.

ಹಾಗಾಗಿ ಎಲ್ಲವನ್ನೂ ಬೆರೆಸಿ ಎಸೆದು, 'ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತದೆ' ಎಂದು ಕೂರುವಂತಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಜೊತೆ ಹಳೆಯ ಬ್ಯಾಟರಿ ಸೇರಿದರೆ ಗೊಬ್ಬರವೂ ಕೆಟ್ಟಂತೆ.

ಒಂದು ಪ್ರಯೋಗ ಮಾಡಿ ನೋಡಿ. ತೂತುಗಳಿರುವ ಮಡಕೆಯೊಂದರಲ್ಲಿ ತರಕಾರಿ ಸಿಪ್ಪೆ, ತರಗೆಲೆ, ಒಂದು ಹಿಡಿ ತೋಟದ ಮಣ್ಣು ಹಾಕಿ. ವಾರಕ್ಕೆರಡು ಬಾರಿ ಕೋಲಿನಿಂದ ಮಗುಚಿ. ಇಷ್ಟನ್ನೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಂಗಳದ ಮೂಲೆಯಲ್ಲಿಡಿ. ತಿಂಗಳ ನಂತರ ಹಿರಿಯರೊಬ್ಬರ ಜೊತೆ ಎರಡನ್ನೂ ಬಿಚ್ಚಿ ನೋಡಿ. ಸಿಪ್ಪೆ ಒಂದೇ, ಮಣ್ಣೂ ಒಂದೇ. ವ್ಯತ್ಯಾಸ ಏಕೆ ಬಂತೆಂದು ನಿಮಗೇ ತಿಳಿಯುತ್ತದೆ.

ಇನ್ನು ಹೆತ್ತವರಿಗೆ ಒಂದು ಮಾತು. ಅಡುಗೆಮನೆಯಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಇಡಿ. ಬ್ಯಾಟರಿ, ಬಲ್ಬುಗಳನ್ನು ಎರಡಕ್ಕೂ ಸೇರಿಸದೆ ಬೇರೆಯಾಗಿಡಿ. ಮಂದಾರದ ತೋಟಗಳನ್ನು ಹೂತುಹಾಕಿದ ಆ ಗುಡ್ಡ ಬೆಳೆದದ್ದು ನಮ್ಮ ನಮ್ಮ ಮನೆಗಳಿಂದ ಹೋದ ಕಸದಿಂದಲೇ ಅಲ್ಲವೇ?