ಕರೆಂಟ್ ಬಿಲ್ಲಿಗೂ ಒಂದು ಲೆಕ್ಕ ಇರಲಿ

ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವರು, ಹಿಟ್ಟಿನ ಗಿರಣಿ ಇಟ್ಟವರು, ಚಟ್ನಿಪುಡಿ ಮಾಡಿ ಮಾರುವವರು ನಮ್ಮಲ್ಲಿ ಎಷ್ಟೊಂದು ಮಂದಿ! ದಾರ, ಹುಕ್ಕು, ಬೇಳೆ, ಮೆಣಸಿನಕಾಯಿ ಎಲ್ಲಕ್ಕೂ ಲೆಕ್ಕ ಇಡ್ತೀವಿ. ಕರೆಂಟಿಗೆ ಮಾತ್ರ ಇಲ್ಲ. ‘ಹೇಗೂ ಮನೆಯವರು ಕಟ್ತಾರಲ್ಲ’ ಅಂತ ಸುಮ್ಮನಿದ್ದರೆ ನಿಮ್ಮ ದುಡಿಮೆಯಲ್ಲಿ ಉಳಿದದ್ದೆಷ್ಟು ಅನ್ನೋದು ನಿಮಗೇ ತಿಳಿಯೋಲ್ಲ.

ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 10 ಗಂಟೆ ತಿರುಗಿದರೂ ತಿಂಗಳಿಗೆ 13 ಯೂನಿಟ್ ಉಳಿತಾಯ. ಪವರ್ ಮಷೀನಿನ ಹಳೆಯ ಕ್ಲಚ್ ಮೋಟಾರು ನೀವು ಹೊಲಿಯದಿದ್ದಾಗಲೂ ಓಡುತ್ತಲೇ ಇರುತ್ತೆ. ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತೆ.

ದೊಡ್ಡ ಯಂತ್ರ ಬದಲಿಸುವವರಿಗೆ ಸರ್ಕಾರದ ನೆರವೂ ಉಂಟು. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಆರಂಭಿಸಿದ ‘ಅಡೀಟಿ’ ಯೋಜನೆಯಲ್ಲಿ, ವಿದ್ಯುತ್-ಇಂಧನ ಉಳಿಸುವ ಯಂತ್ರದ ಸಾಲಕ್ಕೆ ಸಣ್ಣ ಉದ್ದಿಮೆಗಳಿಗೆ ಬಡ್ಡಿಯಲ್ಲಿ ಶೇ. 5ರ ರಿಯಾಯಿತಿ ಇಟ್ಟಿದ್ದಾರೆ. ಜವಳಿ, ಆಹಾರ ಸಂಸ್ಕರಣೆ ಸೇರಿ 14 ವಲಯಗಳಿಗೆ ಮಾತ್ರ ಇದು. ಎಲ್ಲ ಊರಿಗೂ ಅನ್ವಯಿಸುವುದಿಲ್ಲ.

ಹೆಸರೇ ಇಲ್ಲದ ಕಸುಬಿಗೆ ಯಾರೂ ನೆರವು ಕೊಡುವುದಿಲ್ಲ. ‘ಉದ್ಯಮ್’ ನೋಂದಣಿ ಮಾಡಿಸಿ, ಅದೂ ನಿಮ್ಮ ಹೆಸರಿನಲ್ಲೇ. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ. ಮೊದಲು ಬ್ಯಾಂಕಿನಲ್ಲೋ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೋ ವಿಚಾರಿಸಿ, ಮಂಜೂರಾದ ಮೇಲೆ ಯಂತ್ರ ಕೊಳ್ಳಿ. ಕೊಂಡಾದ ಮೇಲೆ ಅರ್ಜಿ ಹಿಡಿದು ಓಡಿದರೆ ಸಿಗಬೇಕಾದದ್ದೂ ಕೈತಪ್ಪಬಹುದು.

ಈ ತಿಂಗಳ ಬಿಲ್ ಬಂದಾಗ ನೀವೇ ಬಿಡಿಸಿ ನೋಡ್ತೀರಲ್ಲ?