ಕೈಗೆ ಕೆಲಸವಿದ್ದರೆ ಕಿವಿಗೆ ಬುದ್ಧಿ ಇಲ್ಲವೇ?

ಅಮೆರಿಕದ ಹಳೆಯ ರೇಡಿಯೋ ಪತ್ತೇದಾರಿ ನಾಟಕಗಳೆಂದರೆ ಅಡುಗೆಮನೆಯ ಹೆಂಗಸರ ಹೊತ್ತು ಕಳೆಯುವ ಸರಕು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಮೊದಲನೆಯದಾಗಿ ಅದು ಸುಳ್ಳು. ಹಗಲಲ್ಲಿ ಬರುತ್ತಿದ್ದುದು ಸಾಬೂನು ಕಂಪನಿಗಳ ಕಣ್ಣೀರಿನ ಧಾರಾವಾಹಿಗಳು. ಪತ್ತೇದಾರಿ ಬರುತ್ತಿದ್ದುದು ಹೆಚ್ಚಾಗಿ ರಾತ್ರಿ, ಗಂಡಸರೂ ಮನೆಯಲ್ಲಿರುವ ಹೊತ್ತಿಗೆ. ಇರಲಿ, ಹೆಂಗಸರೇ ಕೇಳಿದರು ಎನ್ನೋಣ. ಅದರಿಂದ ನಾಟಕದ ಬೆಲೆ ಕಡಿಮೆಯಾಗುವುದು ಹೇಗೆ? ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಓದಿದವರಿಗೆ ಈ ತಾತ್ಸಾರದ ಬಿಸಿ ಗೊತ್ತು.

‘ಸಸ್ಪೆನ್ಸ್’ ಎಂಬ ಸರಣಿಯಲ್ಲಿ 1943ರ ಮೇ 25ರಂದು ‘ಸಾರಿ, ರಾಂಗ್ ನಂಬರ್’ ಪ್ರಸಾರವಾಯಿತು. ಬರೆದಾಕೆ ಲೂಸಿಲ್ ಫ್ಲೆಚರ್, ನಟಿಸಿದಾಕೆ ಆಗ್ನೆಸ್ ಮೂರ್‌ಹೆಡ್. ಮಗ ಮೊಬೈಲಿಗೆ ಹಾಕಿಕೊಟ್ಟ ಮೇಲೆ ಕೇಳಿದೆ. ಇಂಗ್ಲಿಷ್ ಕಿವಿಗೆ ಹತ್ತಲು ಎರಡು ಸಲ ಬೇಕಾಯಿತು. ಎರಡನೆಯ ಸಲ ಹುರುಳಿಕಾಯಿ ಕೈಯಲ್ಲೇ ಉಳಿಯಿತು.

ಕಾಯಿಲೆಯ ಹೆಂಗಸೊಬ್ಬಳು ರಾತ್ರಿ ಮನೆಯಲ್ಲಿ ಒಬ್ಬಳೇ ಮಲಗಿದ್ದಾಳೆ. ಫೋನಿನ ತಂತಿ ಅದಲುಬದಲಾಗಿ, ಇಬ್ಬರು ಗಂಡಸರು ಒಬ್ಬ ಹೆಂಗಸಿನ ಕೊಲೆಗೆ ಹೊಂಚು ಹಾಕುತ್ತಿರುವುದು ಅವಳ ಕಿವಿಗೆ ಬೀಳುತ್ತದೆ. ಆಪರೇಟರಿಗೆ ಹೇಳುತ್ತಾಳೆ, ಪೊಲೀಸರಿಗೆ ಹೇಳುತ್ತಾಳೆ. ‘ಯಾರು, ಎಲ್ಲಿ, ಏನು ಪುರಾವೆ?’ ಸಾಯಬೇಕಾದವಳು ಯಾರೆಂದು ಅವಳಿಗಿಂತ ಮೊದಲೇ ನಮಗೆ ಹೊಳೆಯುತ್ತದೆ. ಕೂಗಿ ಹೇಳೋಣವೆಂದರೆ ಆಗದು. ಆಕೆ ಸಾಧ್ವಿಯೇನಲ್ಲ, ಸಿಡುಕಿ. ಸಿಡುಕಿಯಾದರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ಯಾವ ಓಣಿಯಲ್ಲಿ ಕೇಳಬೇಕಾಗಿಲ್ಲ, ನೀವೇ ಹೇಳಿ.

ಈಗಿನ ಟೀವಿಯ ಅಪರಾಧದ ಧಾರಾವಾಹಿಗಳನ್ನು ನೋಡಿ. ಕೊಲೆಯಾದ ಹುಡುಗಿಯ ಮೇಲೆ ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ಹರಿದಾಡುತ್ತದೆ. ಗುಡುಗಿನಂಥ ಸಂಗೀತದೊಂದಿಗೆ ಮೂರು ಮೂರು ಸಲ. ಇದನ್ನು ವಾಸ್ತವವೆಂದು ಕರೆಯುತ್ತಾರೆ! ರೇಡಿಯೋದಲ್ಲಿ ಸತ್ತವಳ ಮೈಯನ್ನು ಯಾರಿಗೂ ತೋರಿಸುವಂತಿರಲಿಲ್ಲ. ಹೆಜ್ಜೆ ಸಪ್ಪಳ, ದೂರದ ರೈಲು, ಒಂದು ಕಿರುಚು. ಉಳಿದದ್ದು ಕೇಳುವವಳ ಪಾಲಿಗೆ. ಸ್ವರ ನಡುಗಿದ್ದು ಭಯಕ್ಕೋ ಸುಳ್ಳಿಗೋ ಎಂದು ಅವಳೇ ತೂಗಿ ನೋಡಬೇಕು. ಬಾಗಿಲಾಚೆಯ ಕೆಮ್ಮಿನಿಂದಲೇ ಬಂದವರಾರೆಂದು ತಿಳಿಯುವ ನಮಗೆ ಇದು ಹೊಸ ವಿದ್ಯೆಯಲ್ಲ.

ಪ್ರಾಯೋಜಕರು ಟೀವಿಯ ಹಿಂದೆ ಹೋದರು. 1962ರ ಸೆಪ್ಟೆಂಬರ್ 30ರಂದು ‘ಸಸ್ಪೆನ್ಸ್’ ಮತ್ತು ವಿಮಾ ಪತ್ತೇದಾರ ಜಾನಿ ಡಾಲರನ ಸರಣಿ, ಎರಡೂ ಒಂದೇ ದಿನ ನಿಂತವು.

ಹಾಗೆಂದು ಆ ಕಾಲಕ್ಕೆ ಆರತಿ ಎತ್ತಲಾರೆ. ಬಹುಪಾಲು ನಾಟಕಗಳಲ್ಲಿ ಹೆಂಗಸು ಪತ್ತೇದಾರನ ಕಾರ್ಯದರ್ಶಿ, ಇಲ್ಲವೇ ಹೆಣ. ಸ್ಯಾನ್ ಫ್ರಾನ್ಸಿಸ್ಕೋದಿಂದ 1949ರಲ್ಲಿ ಶುರುವಾದ ‘ಕ್ಯಾಂಡಿ ಮ್ಯಾಟ್ಸನ್’ನಲ್ಲಿ ಮಾತ್ರ ಹೆಂಗಸೇ ಪತ್ತೇದಾರಳು, ಬುದ್ಧಿವಂತೆ, ಬಾಯಿ ಚುರುಕು. 1951ರಲ್ಲಿ ಸರಣಿ ಮುಗಿಯುವಾಗ ಏನಾಯಿತು ಗೊತ್ತೇ? ಪೊಲೀಸ್ ಗೆಳೆಯ ಮದುವೆಯಾಗೆಂದ, ಇವಳು ಕಸುಬು ಬಿಟ್ಟಳು. ಮದುವೆ ಗೊತ್ತಾಯಿತೆಂದು ಷರ್ಲಾಕ್ ಹೋಮ್ಸ್ ಭೂತಗನ್ನಡಿ ಕೆಳಗಿಟ್ಟದ್ದನ್ನು ನಾನಂತೂ ಕೇಳಿಲ್ಲ.